ಪ್ರಾಣಿರೋಗಗಳ ಅಂತರರಾಷ್ಟ್ರೀಯ ನಿಯಮ ಬರೆಯುವವರು ಯಾರು? ಲೆಕ್ಲ್ಯಾಂಶ್ ಕಥೆ ಓದಿ

ದನ, ಹಾಲು, ಮಾಂಸದ ಸಾಗಣೆಗೆ ಇರುವ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳನ್ನು ಪ್ಯಾರಿಸ್‌ನಲ್ಲಿ ಯಾರೋ ಒಬ್ಬ ಅಧಿಕಾರಿ ಕೂತು ಬರೆಯುತ್ತಾನೆ ಅಂದುಕೊಂಡಿದ್ದೀರಾ? ಹಾಗಲ್ಲ.

ಇಮ್ಯಾನುಯೆಲ್ ಲೆಕ್ಲ್ಯಾಂಶ್ 1861ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಪಶುವೈದ್ಯರು. ತುಲೂಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದು, ಮುಂದೆ ಸರ್ಕಾರದ ಪಶುವೈದ್ಯ ಸೇವೆಯ ಮುಖ್ಯಸ್ಥರಾದರು.

1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ದನಗಳನ್ನು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿಸಿದರು. ಅವುಗಳ ಜೊತೆ ದೊಡ್ಡರೋಗವೂ ಇಳಿಯಿತು. ಅದೇ ರಿಂಡರ್‌ಪೆಸ್ಟ್, ನಮ್ಮ ಹಳ್ಳಿಗಳಲ್ಲೂ ಕೊಟ್ಟಿಗೆಗಳನ್ನು ಬರಿದು ಮಾಡಿದ ಪಿಡುಗು. ಬೆಲ್ಜಿಯಂನ ರಾಸುಗಳಿಗೆ ಅದು ತಗುಲಿದ್ದೇ ತಡ, ಯುರೋಪ್ ಬೆಚ್ಚಿತು. ಮರುವರ್ಷ ಫ್ರಾನ್ಸ್ ದೇಶಗಳ ಸಭೆ ಕರೆಯಿತು. 1924ರಲ್ಲಿ 28 ದೇಶಗಳು ಸೇರಿ ಪ್ಯಾರಿಸ್‌ನಲ್ಲಿ ಒಂದು ಕಚೇರಿ ಕಟ್ಟಿದವು. ಅದೇ ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ.

ಬೇರೆಯವರು ನಿವೃತ್ತರಾಗುವ ವಯಸ್ಸಿನಲ್ಲಿ, 1927ರಲ್ಲಿ, ಲೆಕ್ಲ್ಯಾಂಶ್ ಅದರ ನಿರ್ದೇಶಕರಾದರು. 1949ರವರೆಗೂ ಬಿಡಲಿಲ್ಲ! ಎರಡನೇ ಮಹಾಯುದ್ಧದ ನಂತರ ವಿಶ್ವಸಂಸ್ಥೆಯ ಹೊಸ ಸಂಸ್ಥೆಗಳು ಬಂದಾಗ ಈ ಕಚೇರಿಯನ್ನೇ ಮುಚ್ಚುವ ಮಾತೆದ್ದಿತ್ತು. ಮುಚ್ಚಲಿಲ್ಲ. ಬದಲಿಗೆ 1946ರಲ್ಲಿ ಕಾಲುಬಾಯಿ ರೋಗಕ್ಕೆಂದೇ ತಜ್ಞರ ಆಯೋಗ ಶುರುವಾಯಿತು. ಬೇರೆ ಆಯೋಗಗಳು ಆಮೇಲೆ ಬಂದವು.

ಈಗ ನಡೆಯುವುದು ಹೀಗೆ: ದೇಶಗಳು ಆರಿಸಿದ ತಜ್ಞರು ಕರಡು ಬರೆಯುತ್ತಾರೆ. ಅದು ಎಲ್ಲ ಸದಸ್ಯ ದೇಶಗಳಿಗೆ ಹೋಗುತ್ತದೆ. ತಕರಾರು ಬಂದರೆ ಮತ್ತೆ ತಿದ್ದುತ್ತಾರೆ. ಕೊನೆಗೆ ಮೇ ತಿಂಗಳ ಮಹಾಸಭೆಯಲ್ಲಿ ತೀರ್ಮಾನ. ದೇಶ ದೊಡ್ಡದಿರಲಿ ಚಿಕ್ಕದಿರಲಿ, ಒಂದೇ ಮತ. ತಜ್ಞರ ಕೈಯಲ್ಲಿರುವುದು ಸಲಹೆ ಮಾತ್ರ.

ಲೆಕ್ಲ್ಯಾಂಶ್ 1953ರಲ್ಲಿ ತೀರಿಕೊಂಡರು. ದೊಡ್ಡರೋಗ ಭೂಮಿಯಿಂದಲೇ ತೊಲಗಿತೆಂದು ಅದೇ ಸಂಸ್ಥೆ 2011ರಲ್ಲಿ ಘೋಷಿಸಿತು.