ಮರದ ವ್ಯಾಪಾರಿಯ ಮೊಮ್ಮಗ ಕಾಡು ಕಾಯ್ದ ಕಥೆ

ನನ್ನ ಅಬ್ಬಾ ಒಂದು ಸಾಮಿಲ್‌ನಲ್ಲಿ ಲೆಕ್ಕ ಬರೆಯುತ್ತಾರೆ. ಪರಿಸರ ದಿನದಂದು ಎಲ್ಲರೂ ಮರ ಕಡಿಯುವವರನ್ನು ಬೈಯುವಾಗ ನಾನು ತಲೆ ತಗ್ಗಿಸಿ ಕೂರುತ್ತೇನೆ. ಆದ್ದರಿಂದಲೇ ಗಿಫರ್ಡ್ ಪಿಂಚೋ ಅವರ ಜೀವನ ಓದಿದಾಗ ನನಗೆ ಸಮಾಧಾನವಾಯಿತು.

ಪಿಂಚೋ 1865ರಲ್ಲಿ ಅಮೆರಿಕದಲ್ಲಿ ಹುಟ್ಟಿದರು. ಅವರ ಅಜ್ಜ ಕಾಡು ಕಡಿಸಿ, ಮರ ಮಾರಿ ಹಣ ಮಾಡಿದ್ದರು. ಆದರೆ ತಂದೆ ಜೇಮ್ಸ್ ಮಗನಿಗೆ ಅರಣ್ಯಶಾಸ್ತ್ರ ಓದಲು ಹೇಳಿದರು. ಆಗ ಅಮೆರಿಕದಲ್ಲಿ ಅದನ್ನು ಕಲಿಸುವ ಕಾಲೇಜೇ ಇರಲಿಲ್ಲ. ಯೇಲ್‌ನಲ್ಲಿ ಪದವಿ ಮುಗಿಸಿದ ಪಿಂಚೋ ಫ್ರಾನ್ಸಿನ ನಾನ್ಸಿ ಊರಿಗೆ ಹೋಗಿ ಕಲಿತರು. ಅವರಿಗೆ ದಾರಿ ತೋರಿಸಿದವರು ಡೀಟ್ರಿಕ್ ಬ್ರಾಂಡಿಸ್. ಇವರೇ 1864ರಲ್ಲಿ ನಮ್ಮ ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥರಾದವರು!

1905ರಲ್ಲಿ ಪಿಂಚೋ ಅಮೆರಿಕದ ಅರಣ್ಯ ಸೇವೆಯ ಮೊದಲ ಮುಖ್ಯಸ್ಥರಾದರು. ಅವರ ವಿಚಾರ ನಮ್ಮ ಕಾಮರ್ಸ್ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. ಕಾಡು ಬಂಡವಾಳ, ವರ್ಷವರ್ಷವೂ ಬೆಳೆಯುವ ಮರ ಲಾಭ. ಲಾಭ ಮಾತ್ರ ತೆಗೆಯಬೇಕು, ಬಂಡವಾಳ ಮುಟ್ಟಬಾರದು. ಸರ್ಕಾರಿ ಕಾಡಿನಲ್ಲಿ ದನ ಕುರಿ ಮೇಯಿಸಲು 1906ರಿಂದ ಶುಲ್ಕ ಹಾಕಿದರು. ದನಗಳ ಮಾಲೀಕರು ಸಿಟ್ಟಾದರು, ಆದರೂ ಅವರು ಹಿಂದೆ ಸರಿಯಲಿಲ್ಲ. ಸಚಿವರೊಬ್ಬರನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕೆ 1910ರಲ್ಲಿ ಅಧ್ಯಕ್ಷ ಟಾಫ್ಟ್ ಅವರನ್ನು ಕೆಲಸದಿಂದ ತೆಗೆದರು. ಮುಂದೆ ಅವರು ಎರಡು ಬಾರಿ ಪೆನ್ಸಿಲ್ವೇನಿಯಾದ ಗವರ್ನರ್ ಆದರು.

ಒಂದು ವಿಷಯದಲ್ಲಿ ಮಾತ್ರ ನನಗೆ ಅವರು ಸರಿ ಎನಿಸುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರಿಗಾಗಿ ಹೆಚ್ ಹೆಚೀ ಎಂಬ ಸುಂದರ ಕಣಿವೆಯನ್ನು ಮುಳುಗಿಸಲು ಅವರು ಒಪ್ಪಿದರು. ಗೆಳೆಯ ಜಾನ್ ಮ್ಯೂರ್ ಅದನ್ನು ಕಡೆಯವರೆಗೂ ವಿರೋಧಿಸಿದರು. ಆದರೆ ಕುಡಿಯುವ ನೀರಿಗೆ ಕೊಡ ಹಿಡಿದು ಕಾಯುವಾಗ ನಾನೂ ಏನು ಹೇಳುತ್ತಿದ್ದೆನೋ!

ಪಿಂಚೋ 1946ರಲ್ಲಿ ತೀರಿಕೊಂಡರು. ಮಿಲ್‌ಫರ್ಡ್ ಊರಿನಲ್ಲಿ ಅವರ ಕುಟುಂಬ 1886ರಲ್ಲಿ ಕಟ್ಟಿಸಿದ ಗ್ರೇ ಟವರ್ಸ್ ಎಂಬ ಕಲ್ಲಿನ ಬಂಗಲೆ ಇದೆ. 1963ರಲ್ಲಿ ಮಗ ಅದನ್ನು ಅರಣ್ಯ ಸೇವೆಗೆ ದಾನ ಮಾಡಿದರು. ಆ ಸಮಾರಂಭಕ್ಕೆ ಅಧ್ಯಕ್ಷ ಕೆನಡಿ ಬಂದಿದ್ದರು. ಆ ಮನೆ ಬೀಗ ಬಿದ್ದು ಹಾಳಾಗಲಿಲ್ಲ. ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ, ಕಾಡಿನ ಬಗ್ಗೆ ಸಭೆಗಳು ನಡೆಯುತ್ತವೆ. ಮರದ ಹಣ ಹೀಗೆ ಮರಕ್ಕೇ ಮರಳಿತು.

ಈ ಕಥೆಯನ್ನು ಅಬ್ಬಾಗೆ ಉರ್ದುವಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಂದ ಮರ, ಹೋದ ಮರ ಎರಡರ ಲೆಕ್ಕವನ್ನೂ ಬರೆದಿದ್ದೇನೆ, ನೆಟ್ಟ ಮರದ ಲೆಕ್ಕ ಮಾತ್ರ ಯಾರೂ ಬರೆಸಲಿಲ್ಲ ಎಂದರು. ಬಿ.ಕಾಂ. ಮುಗಿಸಿದ ಮೇಲೆ ಆ ಲೆಕ್ಕ ಬರೆಯುವ ಕೆಲಸ ಸಿಕ್ಕರೆ ಸಾಕು ಎಂದು ನಾನು ಆಶಿಸುತ್ತೇನೆ.