ಸಿಡಿಮದ್ದನ್ನು ಪಳಗಿಸಿದ ನೊಬೆಲರು

2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಾಗಲಿ, ನಮ್ಮ ನಾಗಪುರದ ಸುತ್ತಲಿನ ಕಲ್ಲಿದ್ದಲು, ಮ್ಯಾಂಗನೀಸ್ ಗಣಿಗಳಲ್ಲಾಗಲಿ, ಬಂಡೆಗೆ ಮದ್ದು ತುಂಬುವವರ ಬದುಕು ಕಷ್ಟದ್ದು. ದೇಶದ ಸ್ಫೋಟಕಗಳ ಮೇಲ್ವಿಚಾರಣೆಯ ಮುಖ್ಯ ಕಚೇರಿಯೂ ಈ ಊರಿನಲ್ಲಿದೆ. ಆದ್ದರಿಂದ ಆಲ್‌ಫ್ರೆಡ್ ನೊಬೆಲರನ್ನು ಇಲ್ಲಿ ಸ್ಮರಿಸುವುದು ಉಚಿತ.

ನೊಬೆಲರು 1833ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಜನಿಸಿದರು. ನೈಟ್ರೋಗ್ಲಿಸರಿನ್ ಎಂಬ ಎಣ್ಣೆಯಂಥ ಸ್ಫೋಟಕವನ್ನು ತಯಾರಿಸತೊಡಗಿದರು. ಸಣ್ಣ ಪೆಟ್ಟಿಗೂ ಸಿಡಿಯುವ ವಸ್ತು ಅದು. 1864ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯೇ ಸಿಡಿದು ಅವರ ತಮ್ಮ ಎಮಿಲ್ ಹಾಗೂ ಇತರ ಕೆಲವರು ಮಡಿದರು. ನಗರದೊಳಗೆ ಆ ಕೆಲಸ ನಿಷಿದ್ಧವಾಯಿತು. ಎದೆಗುಂದದ ನೊಬೆಲರು ಸರೋವರದ ದೋಣಿಯೊಂದರ ಮೇಲೆ ಅದನ್ನು ಮುಂದುವರಿಸಿದರು.

ಆ ಎಣ್ಣೆಯನ್ನು ಒಂದು ಬಗೆಯ ಹಗುರ ಮಣ್ಣಿಗೆ ಹೀರಿಸಿದರೆ ಕಡ್ಡಿಗಳಾಗಿ ಸುತ್ತಿ ಸಾಗಿಸಬಹುದೆಂದು ಮುಂದೆ ಅವರು ಕಂಡುಕೊಂಡರು. ತಾವೇ ರೂಪಿಸಿದ್ದ ಕೇಪಿನಿಂದ ಅದನ್ನು ಬೇಕಾದಾಗ ಸಿಡಿಸಬಹುದಾಗಿತ್ತು. 1867ರಲ್ಲಿ ಪೇಟೆಂಟ್ ಪಡೆದ ಆ ಮದ್ದೇ ಡೈನಮೈಟು. ಅದು ಸುರಂಗ, ಗಣಿ, ರೈಲುದಾರಿಗಳಿಗೆ ಒದಗಿತು, ಯುದ್ಧಕ್ಕೂ ಒದಗಿತು.

1896ರಲ್ಲಿ ತೀರಿಕೊಂಡ ನೊಬೆಲರು ಸಂಪತ್ತಿನ ಬಹುಭಾಗವನ್ನು ಬಹುಮಾನಗಳಿಗಾಗಿ ಬಿಟ್ಟುಹೋದರು. ಆ ಬಹುಮಾನವನ್ನು ಲೋಕವೆಲ್ಲ ಬಲ್ಲದು. ಎಮಿಲನನ್ನು ನೆನೆಯುವವರು ವಿರಳ. ಇಂದು ಗಣಿಗಿಳಿಯುವ ನಮ್ಮ ಬಂಧುಗಳು ಸಂಜೆ ಸುಕ್ಷೇಮವಾಗಿ ಮನೆಗೆ ಮರಳಲಿ.