ಉಸಿರನ್ನೇ ನಂಬಿದ ಸರ್ಜನ್: ಹೈದರಾಬಾದಿನ ಎಡ್ವರ್ಡ್ ಲಾರಿ

ಹುಮನಾಬಾದ್ ಸೀಮೆಯ ದುಬಲಗುಂಡಿ, ಅದರಾಚೆಯ ಬಸವಕಲ್ಯಾಣ, ಇಡೀ ಬೀದರ್ ಪ್ರದೇಶ 1948ರವರೆಗೆ ನಿಜಾಮರ ರಾಜ್ಯಕ್ಕೆ ಸೇರಿದ್ದವು. ದೊಡ್ಡ ಕಾಯಿಲೆ ಬಂದಾಗ ಈ ಭಾಗದ ಜನ ಹೈದರಾಬಾದಿನ ಹಾದಿ ಹಿಡಿಯುವ ರೂಢಿ ಇಂದಿಗೂ ತಪ್ಪಿಲ್ಲ. 19ನೇ ಶತಮಾನದ ಕೊನೆಯಲ್ಲಿ ಅದೇ ನಗರದಲ್ಲಿ ಕುಳಿತು, ಅರಿವಳಿಕೆಗೆ ಒಳಗಾದ ರೋಗಿ ಏಕೆ ಸಾಯುತ್ತಾನೆ ಎಂಬ ಪ್ರಶ್ನೆಗಾಗಿ ಲಂಡನ್ನಿನ ವೈದ್ಯಲೋಕದೊಂದಿಗೆ ಜಗಳಕ್ಕೆ ನಿಂತವರು ಡಾ. ಎಡ್ವರ್ಡ್ ಲಾರಿ.

1846ರಲ್ಲಿ ಜನಿಸಿದ ಲಾರಿ ವೈದ್ಯಶಾಸ್ತ್ರ ಕಲಿತದ್ದು ಎಡಿನ್‌ಬರೋದಲ್ಲಿ. ಅಲ್ಲಿನ ಹೆಸರಾಂತ ಶಸ್ತ್ರಚಿಕಿತ್ಸಕ ಜೇಮ್ಸ್ ಸೈಮ್ ಅವರ ಗುರು. ಕ್ಲೋರೋಫಾರ್ಮ್ ಕೊಡುವಾಗ ನಾಡಿ ಹಿಡಿದು ಕೂರಬೇಡ, ಉಸಿರಾಟವನ್ನು ಗಮನಿಸು ಎಂಬುದು ಸೈಮ್ ಅವರ ಪಾಠ. ಲಂಡನ್ನಿನವರ ನಂಬಿಕೆ ಇದಕ್ಕೆ ವಿರುದ್ಧ. ಕ್ಲೋರೋಫಾರ್ಮ್ ಹೃದಯವನ್ನೇ ನಿಲ್ಲಿಸಬಲ್ಲದು, ಆದ್ದರಿಂದ ನಾಡಿಯ ಮೇಲೆ ಬೆರಳು ಇರಲೇಬೇಕು ಎಂದು ಅವರು ವಾದಿಸುತ್ತಿದ್ದರು. 1847ರಲ್ಲಿ ಬಳಕೆಗೆ ಬಂದ ಕ್ಲೋರೋಫಾರ್ಮ್ ಮರುವರ್ಷವೇ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿಯ ಪ್ರಾಣ ತೆಗೆದಿತ್ತು. ಅವಳಿಗೆ ಮಾಡಬೇಕಿದ್ದದ್ದು ಕಾಲುಗುರು ಕೀಳುವ ಚಿಕ್ಕ ಶಸ್ತ್ರಚಿಕಿತ್ಸೆ ಮಾತ್ರ. ಅಂದಿನಿಂದ ವೈದ್ಯರು ಎರಡು ಪಕ್ಷಗಳಾಗಿ ಒಡೆದರು.

ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಲಾಹೋರಿನಲ್ಲಿ ಕೆಲಸ ಮಾಡಿದ ಲಾರಿ, 1885ರಲ್ಲಿ ರೆಸಿಡೆನ್ಸಿ ಸರ್ಜನ್ ಆಗಿ ಹೈದರಾಬಾದಿಗೆ ಬಂದರು. ಅಲ್ಲಿನ ವೈದ್ಯಶಾಲೆಯ ಹೊಣೆಯೂ ಅವರ ಹೆಗಲೇರಿತು. ಅಫ್ಜಲ್‌ಗಂಜ್ ಆಸ್ಪತ್ರೆಯಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಕೈಗೇ ಕ್ಲೋರೋಫಾರ್ಮ್ ಬಟ್ಟೆ ಕೊಟ್ಟು, ಕಣ್ಣು ರೋಗಿಯ ಉಸಿರಿನ ಮೇಲಿರಲಿ ಎಂದು ತರಬೇತಿ ನೀಡಿದರು. ಮಹಿಳೆಯರನ್ನೂ ಸೇರಿಸಿಕೊಂಡದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯರಲ್ಲಿ ಒಬ್ಬರೆಂದು ಗುರುತಿಸಲಾಗುವ ರೂಪಾಬಾಯಿ ಫರ್ದೂನ್‌ಜಿ ಇದೇ ಶಾಲೆಯಿಂದ ಬಂದವರು.

ಗುರುವಿನ ಮಾತನ್ನು ಸಾಬೀತುಪಡಿಸುವ ಹಟ ಲಾರಿ ಅವರದು. 1888ರಲ್ಲಿ ನಿಜಾಮ್ ಸರ್ಕಾರದ ನೆರವಿನಿಂದ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ನಡೆಯಿತು. ನೂರಕ್ಕೂ ಹೆಚ್ಚು ನಾಯಿಗಳ ಮೇಲೆ ಪ್ರಯೋಗ ಮಾಡಿ, ಎಲ್ಲ ಸಂದರ್ಭಗಳಲ್ಲೂ ಉಸಿರು ಮೊದಲು ನಿಲ್ಲುತ್ತದೆ, ಹೃದಯ ಆಮೇಲೆ ಎಂದು ಆಯೋಗ ಸಾರಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಇದನ್ನು ಒಪ್ಪಲಿಲ್ಲ. ಆಗ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರ 1,000 ಪೌಂಡ್ ಮಂಜೂರು ಮಾಡಿ, ನಿಮ್ಮ ಆಯ್ಕೆಯ ತಜ್ಞರನ್ನೇ ಕಳುಹಿಸಿ ಎಂದು ಪತ್ರಿಕೆಗೆ ಸವಾಲೆಸೆಯಿತು. ವಿಜ್ಞಾನದ ವಾದವೊಂದನ್ನು ದೇಶೀ ಸಂಸ್ಥಾನವೊಂದು ಹೀಗೆ ಹಣ ಕೊಟ್ಟು ಮುಂದುವರಿಸಿದ ಉದಾಹರಣೆಗಳು ವಿರಳ.

1889ರಲ್ಲಿ ಬಂದವರು ಔಷಧಶಾಸ್ತ್ರಜ್ಞ ಲಾಡರ್ ಬ್ರಂಟನ್. ಹೃದಯವೇ ಮೊದಲು ನಿಲ್ಲಬಲ್ಲದು ಎಂದು ನಂಬಿ ಬಂದವರು ಅವರು. ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ, ರಕ್ತದೊತ್ತಡ ದಾಖಲಿಸುವ ಯಂತ್ರಗಳನ್ನಿಟ್ಟು ಪರೀಕ್ಷೆ ನಡೆಯಿತು. ಇಂದು ಓದುವಾಗ ಆ ಮೂಕಪ್ರಾಣಿಗಳ ಲೆಕ್ಕ ಮನಸ್ಸನ್ನು ಕಲಕುತ್ತದೆ. ಕೊನೆಗೆ ಬ್ರಂಟನ್ ಅವರೇ ಲಾರಿ ಅವರ ಪಕ್ಷಕ್ಕೆ ಬಂದು ಲಂಡನ್ನಿಗೆ ತಂತಿ ಕಳುಹಿಸಿದರು.

ಗೆಲುವು ಬಹುಕಾಲ ಉಳಿಯಲಿಲ್ಲ. 1893ರಲ್ಲಿ ಕೇಂಬ್ರಿಜಿನ ಗ್ಯಾಸ್ಕೆಲ್ ಮತ್ತು ಶೋರ್, ಕ್ಲೋರೋಫಾರ್ಮ್ ನೇರವಾಗಿ ಹೃದಯವನ್ನೂ ದುರ್ಬಲಗೊಳಿಸುತ್ತದೆ ಎಂದು ತೋರಿಸಿದರು. ಲಾರಿ ಒಪ್ಪಲಿಲ್ಲ. ಒಮ್ಮೆ ಹಿಡಿದದ್ದನ್ನು ಬಿಡದ ಸ್ವಭಾವ ಅವರದು. ಮಲೇರಿಯಾ ರೋಗಿಗಳ ರಕ್ತದಲ್ಲಿ ಲಾವೆರಾನ್ ಕಂಡದ್ದು ಪರೋಪಜೀವಿಯೇ ಅಲ್ಲ ಎಂದೂ ಅವರು ವಾದಿಸಿದ್ದರು. ಅವರಿದ್ದ ಊರಿಗೆ ಅಂಟಿಕೊಂಡ ಸಿಕಂದರಾಬಾದಿನಲ್ಲೇ 1897ರಲ್ಲಿ ರೊನಾಲ್ಡ್ ರಾಸ್ ಆ ಪರೋಪಜೀವಿಯನ್ನು ಸೊಳ್ಳೆಯೊಳಗೆ ಪತ್ತೆ ಮಾಡಿದರು.

ಕ್ಲೋರೋಫಾರ್ಮಿನ ಒಗಟು ಬಿಡಿಸಿದ್ದು 1911ರಲ್ಲಿ ಗುಡ್‌ಮನ್ ಲೆವಿ. ಅರೆಬರೆ ಅರಿವಳಿಕೆಯಲ್ಲಿರುವ ಬೆಕ್ಕಿಗೆ ಅಡ್ರಿನಲಿನ್ ಸೇರಿದರೆ ಹೃದಯ ಲಯ ತಪ್ಪಿ ನಡುಗಿ ಥಟ್ಟನೆ ನಿಲ್ಲುತ್ತದೆ ಎಂದು ಅವರು ತೋರಿಸಿದರು. ಹೆದರಿದ ರೋಗಿಯ ದೇಹ ತಾನಾಗಿಯೇ ಅಡ್ರಿನಲಿನ್ ಸುರಿಸುತ್ತದೆ. ಕಾಲುಗುರಿನಂಥ ಚಿಕ್ಕ ಶಸ್ತ್ರಚಿಕಿತ್ಸೆಗಳಲ್ಲಿ, ಮದ್ದು ಪೂರ್ತಿ ಏರುವ ಮೊದಲೇ ಸಾವು ಸಂಭವಿಸುತ್ತಿದ್ದುದಕ್ಕೆ ಉತ್ತರ ಇಲ್ಲಿತ್ತು. ಬಿಡಿಯಾಗಿ ಸಹ್ಯವಾದ ಎರಡು ವಸ್ತುಗಳು ಕೂಡಿದಾಗ ಪ್ರಾಣಾಂತಿಕವಾಗಿದ್ದವು. ಹೈದರಾಬಾದಿನ ಪ್ರಯೋಗಗಳಿಗೆ ಈ ಜೋಡಿ ಸಿಕ್ಕಿರಲಿಲ್ಲ.

ಆದರೆ ಇನ್ನೊಂದು ಜೋಡಿಯ ವಿಷಯದಲ್ಲಿ ಲಾರಿ ಅವರ ಪಾಠ ಹುಸಿಯಾಗಲಿಲ್ಲ. ಮೊದಲು ಮಾರ್ಫಿನ್ ಚುಚ್ಚಿದರೆ ಕಡಿಮೆ ಕ್ಲೋರೋಫಾರ್ಮ್ ಸಾಕಾಗುತ್ತದೆ ಎಂಬುದನ್ನು ಜರ್ಮನಿಯ ನುಸ್‌ಬಾಮ್ ಮತ್ತು ಫ್ರಾನ್ಸಿನ ಕ್ಲೋದ್ ಬರ್ನಾರ್ 1860ರ ದಶಕದಲ್ಲೇ ಕಂಡುಕೊಂಡಿದ್ದರು. ಅನುಕೂಲವೂ ಅಪಾಯವೂ ಅಲ್ಲಿ ಒಂದೇ ಕಡೆಯಿಂದ ಬರುತ್ತವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಉಸಿರಾಡು ಎಂದು ಆಜ್ಞಾಪಿಸುವ ಮಿದುಳುಕಾಂಡದ ಕೇಂದ್ರವನ್ನು ಅಫೀಮು ಮೂಲದ ಮದ್ದುಗಳು ಮಂಕಾಗಿಸುತ್ತವೆ. ಮೇಲೆ ಇನ್ನೊಂದು ಮತ್ತಿನ ಔಷಧ ಬಿದ್ದರೆ ಉಸಿರು ಇನ್ನಷ್ಟು ನಿಧಾನವಾಗುತ್ತದೆ.

ಈಗ ಕ್ಲೋರೋಫಾರ್ಮಿನ ಜಾಗದಲ್ಲಿ ಬೇರೆ ಹೆಸರುಗಳಿವೆ. ಮಾರ್ಫಿನ್ ಮಾತ್ರೆಯ ಜೊತೆಗೆ ಫೆಂಟನಿಲ್ ಪಟ್ಟಿ, ಟ್ರಾಮಡಾಲ್ ಜೊತೆಗೆ ನಿದ್ರೆಗೆಂದು ಅಲ್ಪ್ರಾಜೋಲಾಂ, ಅದರ ಮೇಲೆ ಒಂದು ಗುಟುಕು ಮದ್ಯ. ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ತಿಳಿಯದಿದ್ದಾಗ ಇಂಥ ಜೋಡಿಗಳು ಸುಲಭವಾಗಿ ಒಂದೇ ದೇಹ ಸೇರುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಫೀಮು ವರ್ಗದ ನೋವುನಿವಾರಕಗಳನ್ನು ಬೆಂಜೊಡಯಾಜಪೀನ್ ಗುಳಿಗೆಗಳೊಂದಿಗೆ ಬೆರೆಸುವುದರ ವಿರುದ್ಧ 2016ರಲ್ಲಿ ತನ್ನ ಅತ್ಯಂತ ಕಠಿಣ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲಿ ಕಡ್ಡಾಯಗೊಳಿಸಿತು. ಭಾರತದಲ್ಲಿ ಟ್ರಾಮಡಾಲ್ 2018ರಲ್ಲಿ ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬಂತು. ಹಾಗೆಂದು ಕ್ಯಾನ್ಸರ್ ರೋಗಿಗೆ ಮಾರ್ಫಿನ್ ನಿರಾಕರಿಸುವುದೂ ಸಲ್ಲದು. ಅದು ದೊರೆಯಲೆಂದೇ 2014ರಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ತರಲಾಯಿತು. ತಿಳಿದ ವೈದ್ಯರು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಕೊಟ್ಟರೆ ಅದು ಸುರಕ್ಷಿತ ಔಷಧವೇ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಗೆ ಬಂದಿದೆ. ಆದರೆ ರೋಗಿಗೆ ಆಮ್ಲಜನಕ ಕೊಡುತ್ತಿದ್ದರೆ, ಉಸಿರು ಕುಗ್ಗಿದ ಸುದ್ದಿಯನ್ನು ಆ ಯಂತ್ರ ತಡವಾಗಿ ಹೇಳುತ್ತದೆ. ಎಬ್ಬಿಸಿದರೂ ಏಳದ ಮಂಪರು, ವಿಚಿತ್ರ ಗೊರಕೆ, ನಿಮಿಷಕ್ಕೆ ಎಂಟು ಹತ್ತಕ್ಕೆ ಇಳಿದ ಉಸಿರು, ನೀಲಿಗಟ್ಟಿದ ತುಟಿ ಇವೆಲ್ಲ ಕಣ್ಣಿಗೇ ಕಾಣುತ್ತವೆ. ಆಸ್ಪತ್ರೆ ತಲುಪಿದರೆ ನಾಲಾಕ್ಸೋನ್ ಎಂಬ ಪ್ರತಿಮದ್ದು ಇದೆ. ಅದು ಅಫೀಮು ವರ್ಗದ ಪರಿಣಾಮವನ್ನು ಮಾತ್ರ ಇಳಿಸುತ್ತದೆ, ಜೊತೆಗೆ ನುಂಗಿದ ನಿದ್ರೆಗುಳಿಗೆಯದ್ದನ್ನಲ್ಲ.

ಲಾರಿ ಕಲಿಸಿದ ಅಫ್ಜಲ್‌ಗಂಜ್ ಆಸ್ಪತ್ರೆ 1908ರ ಮೂಸಿ ನದಿಯ ಮಹಾಪೂರಕ್ಕೆ ಬಲಿಯಾಯಿತು. ವೈದ್ಯಶಾಲೆ ಮುಂದೆ ಉಸ್ಮಾನಿಯಾ ವೈದ್ಯಕೀಯ ಕಾಲೇಜಾಗಿ ಬೆಳೆಯಿತು. ಲೆವಿ ಅವರ ಬೆಕ್ಕುಗಳ ವರದಿ ಹೊರಬಿದ್ದ ನಾಲ್ಕು ವರ್ಷಗಳ ನಂತರ, 1915ರಲ್ಲಿ, ಲಾರಿ ತೀರಿಕೊಂಡರು.